ಮರೆವಿನ ಮುಂದೆ ಕ್ಷಮೆ

ಕಾಣೆಯಾದವರನ್ನು ಕುರಿತ ಪತ್ರಿಕಾ ಪ್ರಕಟಣೆಗಳ ಭಾಷೆ ಎಲ್ಲರಿಗೂ ಪರಿಚಿತವಾದುದು. ಎತ್ತರ, ಬಣ್ಣ, ಮೈಕಟ್ಟು, ತೊಟ್ಟ ಬಟ್ಟೆ, ಆಡುವ ಭಾಷೆ. ಒಂದು ಬಾಳಿನ ವಿವರ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಮಾತನ್ನೇ ಹೆಸರಾಗಿಸಿಕೊಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಲನಚಿತ್ರ 2016ರಲ್ಲಿ ತೆರೆಕಂಡಿತು. ಹೇಮಂತ್ ಎಂ. ರಾವ್ ಅವರು ನಿರ್ದೇಶಿಸಿದ ಈ ಮೊದಲ ಚಿತ್ರವನ್ನು ಮರೆವಿನ ರೋಗದ ಕಥೆಯೆಂದು ಕರೆಯುವುದು ವಾಡಿಕೆ. ವಿವೇಚಿಸಿ ನೋಡಿದರೆ, ತಂದೆಯ ಮರೆವಿಗಿಂತ ಮಗನ ನೆನಪೇ ಅದರ ಮುಖ್ಯ ವಸ್ತುವಾಗಿದೆ.

ಆಲ್ಝೈಮರ್ ರೋಗಕ್ಕೆ ತುತ್ತಾದ ವೆಂಕೋಬ ರಾವ್ ಬೆಂಗಳೂರಿನ ಆರೈಕೆ ಕೇಂದ್ರವೊಂದರಲ್ಲಿದ್ದಾರೆ. ಮುಂಬಯಿಯಲ್ಲಿ ಉದ್ಯೋಗದಲ್ಲಿರುವ ಮಗ ಶಿವ ಬಹುಕಾಲದ ಮೇಲೆ ಬಂದು ಅವರನ್ನು ಹೊರಗೆ ಕರೆದೊಯ್ಯುತ್ತಾನೆ. ಅವನ ಅಲಕ್ಷ್ಯದಿಂದ ಅವರು ಕಾಣೆಯಾಗುತ್ತಾರೆ. ಕೇಂದ್ರದ ವೈದ್ಯೆ ಸಹನಾ ಹುಡುಕಾಟದಲ್ಲಿ ಅವನ ಜೊತೆಯಾಗುತ್ತಾಳೆ. ಆ ವೃದ್ಧರು ತಮ್ಮ ಬಾಳನ್ನೂ ಪತ್ನಿ ಪುಷ್ಪಾಳೊಡನೆ ಕಳೆದ ದಿನಗಳನ್ನೂ ಹೇಳಿಕೊಂಡಿದ್ದುದು ಈಕೆಯ ಬಳಿ. ತನ್ನ ಮನೆಯ ಕಥೆಯನ್ನು ಮಗನು ಪರರ ಬಾಯಿಂದ ಕೇಳಬೇಕಾಗುತ್ತದೆ. ಚಿತ್ರದ ಅತ್ಯಂತ ಮಾರ್ಮಿಕವಾದ ಅಂಶ ಇದೇ.

ಈ ರೋಗದಲ್ಲಿ ಸಾಮಾನ್ಯವಾಗಿ ಹೊಸ ನೆನಪುಗಳು ಮೊದಲು ಅಳಿಯುತ್ತವೆ, ಹಳೆಯವು ಹೆಚ್ಚು ಕಾಲ ಉಳಿಯುತ್ತವೆ. ಬೆಳಗಿನ ಉಪಾಹಾರವನ್ನು ಮರೆತವರು ಮದುವೆಯ ದಿನವನ್ನು ವರ್ಣಿಸಬಲ್ಲರು. ಘಟನೆ ಮರೆತರೂ ಅದು ತಂದ ನೋವು ಅಥವಾ ನೆಮ್ಮದಿ ಕೆಲಕಾಲ ಮನಸ್ಸಿನಲ್ಲಿ ನಿಲ್ಲಬಹುದು. ಅನಂತನಾಗ್ ಅವರ ಅಭಿನಯ ಈ ಸತ್ಯವನ್ನು ಅಬ್ಬರವಿಲ್ಲದೆ ತೋರಿಸುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರು, ಇಂತಹ ಮರೆವಿನ ಕಾಯಿಲೆಗಳಿಂದ ಬಳಲುತ್ತಿದ್ದಾರೆಂದು ಅಂದಾಜು ಮಾಡಿದೆ. ವೆಂಕೋಬ ರಾವ್ ಅವರಂಥವರು ಅನೇಕ ಮನೆಗಳಲ್ಲಿದ್ದಾರೆ.

ಶಾಸ್ತ್ರಕಾರರು ಕ್ರೋಧವನ್ನು ಕಲ್ಲಿನ ಗೆರೆ, ನೆಲದ ಗೆರೆ, ಮರಳಿನ ಗೆರೆ, ನೀರಿನ ಗೆರೆ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಶಿವನ ಮುನಿಸು ಕಲ್ಲಿನ ಗೆರೆಯಾಗುವ ಹಾದಿಯಲ್ಲಿತ್ತು. ತಾಯಿಯಿಲ್ಲದ ಮನೆಯಲ್ಲಿ ಬೆಳೆದ ಅಂತರವನ್ನು ಅವನು ತಂದೆಯ ಲೆಕ್ಕಕ್ಕೆ ಬರೆದಿಟ್ಟಿದ್ದ. ಆದರೆ ಸಾಲಗಾರನೇ ಲೆಕ್ಕವನ್ನು ಮರೆತಾಗ ಸಾಲವನ್ನು ವಸೂಲು ಮಾಡುವುದು ಯಾರಿಂದ? ನೋವಿನ ನೆನಪು ಒಬ್ಬನ ಪಾಲಿಗೆ ಉಳಿದಾಗ ಅದರ ಭಾರವೂ ಅವನೊಬ್ಬನದೇ ಆಗುತ್ತದೆ.

ಚಿತ್ರಕ್ಕೆ ದೋಷಗಳಿಲ್ಲವೆಂದಲ್ಲ. ಕೊಲೆಗಡುಕರ ಉಪಕಥೆ ಕುತೂಹಲವನ್ನು ಬೆಳೆಸಿದರೂ ತಂದೆ ಮಗನ ಕಥೆಯಿಂದ ಗಮನವನ್ನು ಬೇರೆಡೆಗೆ ಸೆಳೆಯುತ್ತದೆ. ಇದಕ್ಕಿಂತ ಗಂಭೀರವಾದ ಕೊರತೆ ಇನ್ನೊಂದಿದೆ. ಇಲ್ಲಿನ ತಂದೆ ಮೂಲತಃ ಪ್ರೀತಿಪಾತ್ರರು. ಮಗನು ಅವರನ್ನು ಅರಿಯದೇ ಹೋದನಷ್ಟೆ. ಅರಿತೊಡನೆ ಗಾಯ ಮಾಯುತ್ತದೆ. ಆದರೆ ತಂದೆ ನಿಜವಾಗಿಯೂ ತಪ್ಪು ಮಾಡಿದ್ದರೆ? ಆಸ್ತಿಯ ಪಾಲಿನಲ್ಲಿ ಒಬ್ಬನನ್ನು ವಂಚಿಸಿದ್ದರೆ? ಓದುವ ಆಸೆಯಿದ್ದ ಮಗಳನ್ನು ಶಾಲೆ ಬಿಡಿಸಿದ್ದರೆ? ಇಂದು ತನ್ನ ಹೆಸರನ್ನೇ ಮರೆತ ತಂದೆಗೆ ತುತ್ತಿಡುತ್ತಿರುವವಳು ಅನೇಕ ವೇಳೆ ಅದೇ ಮಗಳು. ಈ ಪ್ರಶ್ನೆಯನ್ನು ಚಿತ್ರ ಮುಟ್ಟುವುದಿಲ್ಲ.

ಅಂತಹ ಮಗಳಿಗೆ ‘ಎಲ್ಲವನ್ನೂ ಮರೆತುಬಿಡು’ ಎಂದು ಉಪದೇಶಿಸುವುದು ಸುಲಭ, ಆದರೆ ನ್ಯಾಯವಲ್ಲ. ಮರೆತವನಿಗೆ ಕ್ಷಮಿಸಲು ಏನೂ ಉಳಿದಿರುವುದಿಲ್ಲ. ನೆನಪಿರುವವರಿಗೆ ಮಾತ್ರ ಕ್ಷಮೆ ಸಾಧ್ಯ. ತಪ್ಪನ್ನು ತಪ್ಪೆಂದೇ ತಿಳಿದು, ಅದಕ್ಕೆ ಪ್ರತಿಯಾಗಿ ನೋವನ್ನು ಹಿಂದಿರುಗಿಸದಿರುವುದೇ ಕ್ಷಮೆ. ಅವಳು ಇಡುವ ತುತ್ತಿನಲ್ಲಿ ಅದು ಆಗಲೇ ಇದೆ. ಅವಳ ದುಃಖವನ್ನು ಕೇಳುವುದು, ದಿನಕ್ಕೆ ಒಂದೆರಡು ಗಂಟೆಯಾದರೂ ಅವಳ ಹೊರೆಯನ್ನು ಹಂಚಿಕೊಳ್ಳುವುದು ಉಳಿದ ಬಂಧುಗಳ ಕರ್ತವ್ಯ.

ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯಂದು ಬಸದಿಯ ಅಂಗಳದಲ್ಲಿ ಎಲ್ಲರೂ ಪರಸ್ಪರ ಕೈಮುಗಿಯುತ್ತಾರೆ. ಮನೆಯೊಳಗೆ ಕುಳಿತ ವೃದ್ಧರೊಡನೆ ಆಡಬೇಕಾದ ಮಾತು ಮಾತ್ರ ಮುಂದಿನ ವರ್ಷಕ್ಕೆ ಉಳಿದುಬಿಡುತ್ತದೆ. ಕೇಳುವವರಿಗೂ ಹೇಳುವವರಿಗೂ ನೆನಪಿರುವಾಗಲೇ ಆ ಮಾತು ನಡೆಯಬೇಕೆಂಬ ಎಚ್ಚರವನ್ನು ಈ ಚಿತ್ರ ಮೂಡಿಸುತ್ತದೆ. ಕುಟುಂಬದವರೆಲ್ಲ ಒಟ್ಟಿಗೆ ಕುಳಿತು ನೋಡಲು ಅಷ್ಟೇ ಸಾಕಾದ ಕಾರಣ.