ವಾನರಕುಲದ ನೆಲೆ: ಆಟದ ಲೋಕ ಮತ್ತು ಪುರಾಣದ ಲೋಕ

ಕಲ್ಪಿತ ಲೋಕವೊಂದರಲ್ಲಿ ಮನುಷ್ಯರಲ್ಲದ ಅಪರೂಪದ ಕುಲಗಳಿಗೆ ಎಡೆಮಾಡಿಕೊಡುವುದು ಹೇಗೆ ಎಂಬ ಪ್ರಶ್ನೆ ಇಂದು ಮುಖ್ಯವಾಗಿ ಮೇಜಿನ ಸುತ್ತ ಕುಳಿತು ಆಡುವ ಪಾತ್ರಧಾರಣೆಯ ಆಟಗಳಲ್ಲಿ ಚರ್ಚೆಗೆ ಬರುತ್ತಿದೆ. ಈ ಆಟಗಳಲ್ಲಿ ಒಬ್ಬನು ಸೂತ್ರಧಾರನಾಗಿ ಲೋಕವನ್ನು ವರ್ಣಿಸುತ್ತಾನೆ. ಉಳಿದವರು ತಲಾ ಒಂದು ಪಾತ್ರವನ್ನು ವಹಿಸಿ, ದಾಳ ಉರುಳಿಸಿ, ಬಾಯಿಮಾತಿನಲ್ಲಿಯೇ ಕಥೆಯನ್ನು ಮುಂದೊಯ್ಯುತ್ತಾರೆ. ಇದು ಕೇವಲ ತರುಣರ ವಿನೋದವೆಂದು ಇತಿಹಾಸದ ಅಧ್ಯಾಪಕರು ಕಡೆಗಣಿಸಬಹುದು. ಆದರೆ ಇದೇ ಪ್ರಶ್ನೆಯನ್ನು ನಮ್ಮ ನಾಡಿನ ಕವಿಗಳು ಬಹು ಹಿಂದೆಯೇ ಎದುರಿಸಿದ್ದರು. ಅವರು ಮುಟ್ಟಿದ ಪರಿಹಾರವು ಇಂದಿನ ನಿಯಮಗ್ರಂಥಗಳ ಪರಿಹಾರಕ್ಕಿಂತ ಆಳವಾದುದೆಂಬುದು ನಮ್ಮ ಅಭಿಪ್ರಾಯ. ವಾನರಕುಲವೊಂದನ್ನೇ ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸುತ್ತೇವೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆ ಮೂಲ. ಅದರಲ್ಲಿ ಮನುಷ್ಯನ ಜೊತೆಗೆ ಎಲ್ಫ್, ಡ್ವಾರ್ಫ್, ಹಾಬಿಟ್ ಎಂಬ ಕುಲಗಳಿದ್ದವು; ಇವು ಯುರೋಪಿನ ಜನಪದ ಕಥೆಗಳಿಂದಲೂ ಟೋಲ್ಕೀನನ ಕೃತಿಗಳಿಂದಲೂ ಬಂದವು. ಆಟಗಾರನು ಬೇರೆ ಯಾವ ಜೀವಿಯಾಗಲು ಬಯಸಿದರೂ ಅಡ್ಡಿಯಿಲ್ಲ, ಬಲಹೀನ ಸ್ಥಿತಿಯಿಂದ ಆರಂಭಿಸಿದರೆ ಸಾಕು ಎಂಬ ಅನುಮತಿಯೂ ಅಲ್ಲಿಯೇ ಇದ್ದಿತು. ಮುಂದೆ ಕುಲಗಳ ಸಂಖ್ಯೆ ಬೆಳೆಯಿತು. ‘ಪಾಥ್‌ಫೈಂಡರ್’ ಎಂಬ ಆಟದ ಕುಲಗಳಿಗೆಂದೇ 2012ರಲ್ಲಿ ಪ್ರಕಟವಾದ ‘ಅಡ್ವಾನ್ಸ್ಡ್ ರೇಸ್ ಗೈಡ್’ ಎಂಬ ಗ್ರಂಥವು ಅಪರೂಪದ ಕುಲಗಳಿಗೆ ಪ್ರತ್ಯೇಕ ವಿಭಾಗವನ್ನೇ ಮೀಸಲಿಟ್ಟಿದೆ. ಆ ವಿಭಾಗದಲ್ಲಿ ವಾನರ, ನಾಗಜಿ, ವಿಷಕನ್ಯಾ ಎಂಬ ಹೆಸರುಗಳನ್ನು ಕಂಡು ಭಾರತೀಯ ವಾಚಕನು ಒಂದು ಕ್ಷಣ ನಿಲ್ಲದೆ ಇರಲಾರನು. ನಮ್ಮಲ್ಲಿ ಮನೆಮಾತಾದ ಕುಲವು ಅಲ್ಲಿ ಅಪರೂಪದ ಪಟ್ಟಿಗೆ ಸೇರಿದೆ.

ಆ ಗ್ರಂಥದ ವಾನರನು ಕಾಡಿನಲ್ಲಿ ವಾಸಿಸುವ, ಚೇಷ್ಟೆಯನ್ನು ಮೆಚ್ಚುವ ಕಪಿರೂಪಿ. ಆ ಕುಲದಲ್ಲಿ ಹುಟ್ಟಿದ ಮಾತ್ರಕ್ಕೆ ಪಾತ್ರದ ಚುರುಕುತನಕ್ಕೂ ವಿವೇಕಕ್ಕೂ ಎರಡೆರಡು ಅಂಕಗಳು ಕೂಡುತ್ತವೆ. ವ್ಯಕ್ತಿಪ್ರಭಾವದಲ್ಲಿ 2 ಅಂಕಗಳು ಕಳೆಯುತ್ತವೆ. ಮರವೇರುವ ಶಕ್ತಿಯೂ ವಸ್ತುಗಳನ್ನು ಹಿಡಿಯಬಲ್ಲ ಬಾಲವೂ ಜನ್ಮದತ್ತವಾಗಿವೆ. ವ್ಯಕ್ತಿಪ್ರಭಾವವೆಂದರೆ ಮಾತಿನಿಂದ ಇತರರನ್ನು ಒಲಿಸಿಕೊಳ್ಳುವ, ಮುನ್ನಡೆಸುವ ಶಕ್ತಿ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ರಾಮನು ಹನುಮಂತನನ್ನು ಮೊದಲು ಕಂಡಾಗ ಮೆಚ್ಚಿಕೊಂಡುದು ಅವನ ಬಾಲವನ್ನಲ್ಲ, ಜಿಗಿತವನ್ನೂ ಅಲ್ಲ. ವ್ಯಾಕರಣಶುದ್ಧವಾದ ಅವನ ಮಾತನ್ನು. ನಿಯಮಗ್ರಂಥದ ಪ್ರಕಾರ ಹನುಮಂತನು ತನ್ನ ಕುಲಕ್ಕೇ ಅಪವಾದವಾಗಬೇಕಾಗುತ್ತದೆ. ಆಟಕ್ಕೆ ಅಂಕಗಳು ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ದೇಹದ ಲಕ್ಷಣದೊಡನೆ ಸ್ವಭಾವವನ್ನೂ ಹುಟ್ಟಿಗೆ ಕಟ್ಟಿಹಾಕಿದುದೇ ಇಲ್ಲಿಯ ದೋಷ.

ಈಗ ನಮ್ಮ ಸೀಮೆಯ ಕಡೆಗೆ ತಿರುಗೋಣ. ಸುಮಾರು 1100ರಲ್ಲಿದ್ದ ನಾಗಚಂದ್ರನು ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಸಾಹಿತ್ಯ ಚರಿತ್ರಕಾರರು ಹೇಳುತ್ತಾರೆ. ಪಂಪರಾಮಾಯಣವೆಂದು ಪ್ರಸಿದ್ಧವಾದ ಅವನ ‘ರಾಮಚಂದ್ರಚರಿತ ಪುರಾಣ’ವು ವಿಮಲಸೂರಿಯ ಪ್ರಾಕೃತ ಕಾವ್ಯ ಹಾಗೂ ಏಳನೆಯ ಶತಮಾನದ ರವಿಷೇಣನ ಸಂಸ್ಕೃತ ‘ಪದ್ಮಪುರಾಣ’ಗಳ ಪರಂಪರೆಗೆ ಸೇರಿದುದು. ಈ ಪರಂಪರೆಯಲ್ಲಿ ವಾನರರು ಕಪಿಗಳಲ್ಲ, ರಾಕ್ಷಸರು ನರಭಕ್ಷಕರೂ ಅಲ್ಲ. ಇಬ್ಬರೂ ವಿದ್ಯಾಧರರು, ಎಂದರೆ ವಿದ್ಯೆಗಳನ್ನು ಸಾಧಿಸಿಕೊಂಡ ಮನುಷ್ಯರು. ವಿದ್ಯಾಧರರಿಗೆ ಜೈನ ಭೂಗೋಳದಲ್ಲಿ ಖಚಿತವಾದ ಸ್ಥಾನವಿದೆ: ವಿಜಯಾರ್ಧ ಪರ್ವತದ ದಕ್ಷಿಣ ಶ್ರೇಣಿಯಲ್ಲಿ 50, ಉತ್ತರ ಶ್ರೇಣಿಯಲ್ಲಿ 60 ನಗರಗಳು. ಆಕಾಶಗಮನವೇ ಮೊದಲಾದ ಅವರ ಶಕ್ತಿಗಳಲ್ಲಿ ಹಲವು ಸಾಧನೆಯಿಂದ ಬಂದವು.

ಹೆಸರಿನ ಕಾರಣವೂ ಗಮನಾರ್ಹವಾದುದು. ಶ್ರೀಕಂಠನೆಂಬ ವಿದ್ಯಾಧರನಿಗೆ ಲಂಕೆಯ ಕೀರ್ತಿಧವಳನು ವಾನರದ್ವೀಪವನ್ನು ಕೊಟ್ಟನು. ಅಲ್ಲಿಯ ಕಪಿಗಳನ್ನು ಅವನು ಪ್ರೀತಿಯಿಂದ ಕಂಡನು. ಮುಂದೆ ಅದೇ ವಂಶದ ಅಮರಪ್ರಭನು ಕಪಿಯನ್ನು ಧ್ವಜಕ್ಕೂ ಕಿರೀಟಕ್ಕೂ ಲಾಂಛನವಾಗಿ ಮಾಡಿದನು. ಹೀಗೆ ವಾನರರೆಂಬ ಹೆಸರು ನೆಲದಿಂದಲೂ ಧ್ವಜದಿಂದಲೂ ಬಂದಿತೇ ಹೊರತು ಮೈಯಿಂದಲ್ಲ. ಹನುಮಂತನ ಹೆಸರು ಸಹ ಅವನು ಬೆಳೆದ ಹನುರುಹವೆಂಬ ಪಟ್ಟಣದಿಂದ ಬಂದುದೆಂದು ಈ ಪರಂಪರೆ ಹೇಳುತ್ತದೆ.

ಇಂಥ ಹೆಸರಿಡುವ ಕ್ರಮವು ಆ ಜೈನ ಸಮಾಜಕ್ಕೆ ಅಪರಿಚಿತವಾದುದೇನೂ ಅಲ್ಲ. ಶ್ರವಣಬೆಳಗೊಳ, ಹಳೇಬೀಡು ಮೊದಲಾದ ದೂರದ ಊರುಗಳ ಶಾಸನಗಳಲ್ಲಿ ಮೂಲಸಂಘ, ದೇಶೀಗಣ, ಪುಸ್ತಕಗಚ್ಛದ ‘ಇಂಗಳೇಶ್ವರ ಬಳಿ’ಯ ಮುನಿಗಳು ಕಾಣಿಸಿಕೊಳ್ಳುತ್ತಾರೆ. ಬಸವನ ಬಾಗೇವಾಡಿಯ ಸಮೀಪದ ನಮ್ಮ ಇಂಗಳೇಶ್ವರದ ಹೆಸರನ್ನೇ ಆ ಬಳಿ ಹೊತ್ತಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಮುನಿಗಳೆಲ್ಲರೂ ಇಲ್ಲಿ ಹುಟ್ಟಿದವರೆಂದು ಯಾರೂ ಭಾವಿಸುವುದಿಲ್ಲ. ಗುರುಪರಂಪರೆಯಿಂದ ಆ ಹೆಸರಿಗೆ ಸೇರಿದವರು ಅವರು. ಬಳಿಯೆಂಬುದು ಸೇರಬಹುದಾದ ಕುಲ. ವಾನರವಂಶವನ್ನೂ ಪುರಾಣಕಾರರು ಇದೇ ಬಗೆಯಲ್ಲಿ ಕಂಡಿರಬೇಕೆಂದು ನಮಗೆ ತೋರುತ್ತದೆ.

ಈ ಏರ್ಪಾಟಿನ ಫಲವು ಕಥೆಯಲ್ಲಿ ಕಾಣುತ್ತದೆ. ಶ್ರೀಕಂಠನ ತಂಗಿಯೇ ಕೀರ್ತಿಧವಳನ ರಾಣಿ; ಆದುದರಿಂದ ವಾನರರೂ ರಾಕ್ಷಸರೂ ಮೊದಲಿನಿಂದಲೂ ಬೀಗರು. ಹನುಮಂತನು ಹಿಂದೆ ವರುಣನ ವಿರುದ್ಧ ರಾವಣನ ಪರವಾಗಿ ಹೋರಾಡಿದವನು. ರಾವಣನ ತಂಗಿಯ ಮಗಳನ್ನು ಮದುವೆಯಾದವನು. ಅಂಥವನು ರಾಮನ ದೂತನಾಗಿ ಲಂಕೆಗೆ ಬಂದಾಗ ಎರಡು ಕುಲಗಳ ಸಹಜ ವೈರವಾಗಿ ಕಾಣಬಹುದಾಗಿದ್ದುದು ಧರ್ಮಕ್ಕಾಗಿ ಬಂಧುತ್ವವನ್ನು ಬಿಡಬೇಕಾದ ಸಂಕಟವಾಗುತ್ತದೆ. ರಾವಣನ ದುರಂತಕ್ಕೆ ನಾಗಚಂದ್ರನಲ್ಲಿ ಬಂದ ಘನತೆಗೆ ಇದೂ ಒಂದು ಕಾರಣ.

ಇದಕ್ಕೆ ಆಕ್ಷೇಪವಿಲ್ಲದೆ ಇಲ್ಲ. ವಾನರನು ಧ್ವಜಧಾರಿಯಾದ ಮನುಷ್ಯನಷ್ಟೇ ಆದರೆ ಅವನ ಅದ್ಭುತವೆಲ್ಲಿ ಉಳಿಯಿತು? ವಿಜಯಪುರಕ್ಕೆ ಹೊಂದಿಕೊಂಡ ತೊರವೆಯ ನರಸಿಂಹನ ಭಕ್ತನಾದ ಕುಮಾರ ವಾಲ್ಮೀಕಿಯು ಮುಂದೆ ರಚಿಸಿದ ತೊರವೆ ರಾಮಾಯಣವು ವಾಲ್ಮೀಕಿಯನ್ನು ಅನುಸರಿಸಿ ಕಪಿಗಳನ್ನು ಕಪಿಗಳಾಗಿಯೇ ಉಳಿಸಿಕೊಂಡಿತು. ಅವರಿಗೆ ಅಲ್ಲಿ ಎಡೆ ದೊರೆತುದು ಭಕ್ತಿಯಿಂದ. ಒಂದೇ ಸೀಮೆಯಲ್ಲಿ ಹುಟ್ಟಿದ ಈ ಎರಡು ಸಮಾಧಾನಗಳಲ್ಲಿ ಜನರ ಹೃದಯಕ್ಕೆ ಹತ್ತಿರವಾದುದು ಎರಡನೆಯದೆಂಬುದನ್ನು ಒಪ್ಪಬೇಕು. ಆದರೂ ಎರಡಕ್ಕೂ ಸಮಾನವಾದುದು ಒಂದುಂಟು: ಎರಡರಲ್ಲಿಯೂ ವಾನರನು ತನ್ನ ನಡತೆಯನ್ನು ತಾನೇ ಆರಿಸಿಕೊಳ್ಳುತ್ತಾನೆ. ವಾಲಿಯೂ ಸುಗ್ರೀವನೂ ಒಂದೇ ಕುಲದವರು, ಒಂದೇ ಸ್ವಭಾವದವರಲ್ಲ.

ಸ್ವಭಾವವನ್ನು ಹುಟ್ಟಿಗೆ ಕಟ್ಟುವುದು ನಿರಪಾಯವಾದುದೆಂದು ಇತಿಹಾಸದ ವಿದ್ಯಾರ್ಥಿ ಹೇಳಲಾರನು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿತು. ವಿಜಯಪುರದಲ್ಲಿಯೂ ಅಂಥವರ ವಸಾಹತು ಇದ್ದಿತು. 1952ರಲ್ಲಿ ಕಾಯಿದೆ ರದ್ದಾದರೂ ಕಳಂಕವು ಒಮ್ಮೆಗೇ ಅಳಿಯಲಿಲ್ಲ. ಆಟದ ಅಂಕಪಟ್ಟಿಯು ಕಾಯಿದೆಯಲ್ಲ, ನಿಜ. ಆದರೆ ಯೋಚನೆಯ ರೂಢಿ ಎರಡರಲ್ಲಿಯೂ ಒಂದೇ. ಆಟಗಳನ್ನು ರಚಿಸುವವರಿಗೂ ಇದು ಅರಿವಾದಂತಿದೆ. ಪಾಥ್‌ಫೈಂಡರ್ 2019ರ ಆವೃತ್ತಿಯಲ್ಲಿ ‘ರೇಸ್’ ಎಂಬ ಪದವನ್ನು ಬಿಟ್ಟು ಪೂರ್ವಜರ ಪರಂಪರೆಯನ್ನು ಸೂಚಿಸುವ ‘ಆನ್ಸೆಸ್ಟ್ರಿ’ ಎಂಬ ಪದವನ್ನು ತಂದಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 2024ರಲ್ಲಿ ‘ಸ್ಪೀಶೀಸ್’ ಎಂದಿತು. ಮೊದಲನೆಯದು ನಮ್ಮ ಪುರಾಣಕಾರರ ‘ವಂಶ’ಕ್ಕೆ ಸಮೀಪವಾದುದು. ಎರಡನೆಯದು ಮತ್ತೆ ದೇಹಕ್ಕೇ ಹಿಂದಿರುಗುತ್ತದೆ.

ಆದುದರಿಂದ ಅಪರೂಪದ ಕುಲವೊಂದನ್ನು ತನ್ನ ಲೋಕಕ್ಕೆ ಕರೆತರುವ ಸೂತ್ರಧಾರನು ಬಾಲದ ಉದ್ದವನ್ನು ಗೊತ್ತುಮಾಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು: ಇವರ ನೆಲ ಯಾವುದು? ಈ ಹೆಸರು ಹೇಗೆ ಬಂದಿತು? ನೆರೆಯವರೊಡನೆ ಇವರಿಗೆ ಕೊಡುಕೊಳ್ಳುವಿಕೆ ಏನಿದೆ? ಹುಟ್ಟಿನಿಂದ ಬಂದುದೆಷ್ಟು, ಕಲಿತುದೆಷ್ಟು? ಇವು ಇತಿಹಾಸದ ಅಧ್ಯಾಪಕರು ಯಾವುದೇ ಜನಾಂಗದ ವಿಷಯದಲ್ಲಿ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಗಳೇ ಆಗಿವೆ. ಆಟವಾಡುವ ನಮ್ಮ ವಿದ್ಯಾರ್ಥಿಗಳು ಅಲ್ಲಿ ಇವನ್ನು ಕೇಳಲು ಕಲಿತರೆ, ಶಾಸನವನ್ನೋದುವಾಗಲೂ ನೆರೆಯವನನ್ನು ಕಾಣುವಾಗಲೂ ಕೇಳದೆ ಇರಲಾರರೆಂದು ನಂಬುತ್ತೇವೆ.