ದುಡ್ಡು ಕಟ್ ಆಗೈತಿ, ಬಂದಿಲ್ಲ

ನಾಟಿ ಹೊತ್ತಿನಲ್ಲಿ ಸಿರುಗುಪ್ಪದ ಗೊಬ್ಬರದಂಗಡಿಗಳ ಮುಂದೆ ನಿಂತರೆ ಈ ಜಗಳ ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಹತ್ತು ಚೀಲ ಡಿಎಪಿಗೆ 13,500 ರೂಪಾಯಿ. ರೈತ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತುತ್ತಾನೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಹಣ ಕಡಿತವಾದ ಎಸ್ಸೆಮ್ಮೆಸ್ ಬರುತ್ತದೆ, ಆದರೆ ಅಂಗಡಿಯ ಸೌಂಡ್‌ಬಾಕ್ಸ್ ಬಾಯಿ ಬಿಡುವುದಿಲ್ಲ. ‘ನನ್ನ ಕಡಿ ಕಟ್ ಆಗೈತ್ರಿ.’ ‘ನನಗ ಬಂದಿಲ್ಲಲ್ಲಪ್ಪ, ಇನ್ನೊಮ್ಮೆ ಹಾಕಿ ನೋಡು.’ ಇಬ್ಬರದೂ ನಿಜವೇ. ‘ಸರ್ವರ್ ಡೌನ್’ ಎಂದು ಯಾರೋ ಅಂದ ಮೇಲೆ ಮಾತು ನಿಲ್ಲುತ್ತದೆ, ಗೊಬ್ಬರ ಒಯ್ಯಲು ಬಂದ ಟ್ರೇಲರ್ ಮಾತ್ರ ನಿಂತಲ್ಲೇ ಇರುತ್ತದೆ.

ಸರ್ವರ್ ಮೇಲೆ ಹೊರಿಸುವ ಈ ಅಪವಾದ ಪೂರ್ತಿ ಸರಿಯಲ್ಲ. ದಾರಿಯಲ್ಲಿ ಸಂದೇಶ ಕಳೆದುಹೋಗುವ ಸಾಧ್ಯತೆ ಇದ್ದಷ್ಟು ಕಾಲ, ಎರಡು ತುದಿಗಳು ‘ನನಗೆ ಗೊತ್ತಾಗಿದೆ ಎಂಬುದು ನಿನಗೂ ಗೊತ್ತಾಗಿದೆ’ ಎಂಬ ಖಾತರಿಗೆ ಬರಲಾರವು ಎಂದು ಅಕೊಯುನ್ಲು, ಏಕನಾಧಂ, ಹ್ಯೂಬರ್ ಎಂಬ ಮೂವರು ಕಂಪ್ಯೂಟರ್ ವಿಜ್ಞಾನಿಗಳು 1975ರಲ್ಲೇ ತೋರಿಸಿದ್ದರು. 1978ರಲ್ಲಿ ಅದೇ ಕ್ಷೇತ್ರದ ಜಿಮ್ ಗ್ರೇ ಅದನ್ನು ಇಬ್ಬರು ಸೇನಾಧಿಪತಿಗಳ ಸಮಸ್ಯೆ ಎಂದು ಕರೆದ. ರಿಜಿಸ್ಟರ್ಡ್ ಅಂಚೆಯ ಜೊತೆ ಎ.ಡಿ. ಕಾರ್ಡ್ ಹಚ್ಚಿ ಕಳಿಸಿದವರಿಗೆ ಇದು ಹೊಸದಲ್ಲ. ಕಾರ್ಡ್ ವಾಪಸು ಬಂದರೆ ಕಾಗದ ಮುಟ್ಟಿತೆಂದು ಗೊತ್ತಾಗುತ್ತದೆ. ಬರದಿದ್ದರೆ ಕಳೆದದ್ದು ಕಾಗದವೋ ಕಾರ್ಡೋ ಹೇಳಲಾಗದು. ಕಾರ್ಡಿಗೊಂದು ಕಾರ್ಡ್ ಹಚ್ಚಿದರೂ ಅನುಮಾನ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ, ಅಷ್ಟೆ.

ಹಾಗಾಗಿ ಒಂದು ವ್ಯವಸ್ಥೆಯ ಯೋಗ್ಯತೆ ಅಳೆಯುವಾಗ ಸಂದೇಶ ಕಳೆಯಿತೇ ಎಂದು ಕೇಳಿ ಉಪಯೋಗವಿಲ್ಲ. ಕಳೆದಾಗ ಅನುಮಾನದ ಹೊರೆ ಯಾರ ತಲೆಗೆ ಬಂತು ಎಂದು ಕೇಳಬೇಕು. ಯುಪಿಐಯನ್ನು ನಾನು ಈ ಅಳತೆಯಿಂದಲೇ ನೋಡುತ್ತೇನೆ.

ಮೊದಲು ಅದರ ಹೆಚ್ಚುಗಾರಿಕೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಂದು ಜೀನ್ಸ್ ಪ್ಯಾಂಟಿಗೆ ಕೊಟ್ಟ ಹಣ ಗಿರಾಕಿಯ ಆ್ಯಪಿನಿಂದ, ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಸ್ವಿಚ್ಚಿಗೆ, ಅಲ್ಲಿಂದ ಗಿರಾಕಿಯ ಬ್ಯಾಂಕಿಗೆ, ಮತ್ತೆ ಸ್ವಿಚ್ಚಿಗೆ, ಅಂಗಡಿಯವನ ಬ್ಯಾಂಕಿಗೆ ಸುತ್ತಿ ಬರುತ್ತದೆ. ಇಬ್ಬರ ಖಾತೆಯೂ ಬಳ್ಳಾರಿಯಲ್ಲೇ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನದಾಗಿದ್ದರೂ ಸಂದೇಶ ಊರು ದಾಟಿಯೇ ಬರಬೇಕು. 2025ರ ಆಗಸ್ಟಿನಲ್ಲಿ ಇಂಥ ವಹಿವಾಟುಗಳ ಸಂಖ್ಯೆ ಒಂದೇ ತಿಂಗಳಲ್ಲಿ 2,000 ಕೋಟಿ ದಾಟಿತು. ಇಷ್ಟು ಕೈ ಬದಲಾಗುವ ದಾರಿಯಲ್ಲಿ ಹಣ ಎರಡು ಸಲ ಹೋಗದಂತೆ ತಡೆಯುವುದು ಪ್ರತಿ ವಹಿವಾಟಿಗೂ ಇರುವ ಪ್ರತ್ಯೇಕ ಗುರುತು ಸಂಖ್ಯೆ. ಉತ್ತರ ಬರಲಿಲ್ಲವೆಂದು ಯಂತ್ರ ಅದೇ ಸಂಖ್ಯೆಯ ಬಗ್ಗೆ ಮತ್ತೆ ವಿಚಾರಿಸಿದರೆ ಹೊಸ ಕಡಿತವಾಗುವುದಿಲ್ಲ. ಸಂಶೋಧನೆಯಿಂದ ಬಂದ ಈ ಪಾಠವನ್ನು ಯುಪಿಐ ಚೆನ್ನಾಗಿ ಅರಗಿಸಿಕೊಂಡಿದೆ.

ಆದರೆ ‘ಇನ್ನೊಮ್ಮೆ ಹಾಕಿ ನೋಡು’ ಎಂದಾಗ ರೈತ ಮಾಡುವುದು ಬೇರೆಯೇ. ಅವನು ಹೊಸದಾಗಿ ಸ್ಕ್ಯಾನ್ ಮಾಡುತ್ತಾನೆ, ಅದಕ್ಕೆ ಹೊಸ ಸಂಖ್ಯೆ ಹುಟ್ಟುತ್ತದೆ. ವ್ಯವಸ್ಥೆಯ ಲೆಕ್ಕದಲ್ಲಿ ಅದು ಇನ್ನೊಂದು ಹತ್ತು ಚೀಲದ ವ್ಯಾಪಾರ. ಯಂತ್ರಗಳ ನಡುವಿನ ಮರುಪ್ರಯತ್ನಕ್ಕೆ ಇರುವ ರಕ್ಷಣೆ ಮನುಷ್ಯನ ಮರುಪ್ರಯತ್ನಕ್ಕಿಲ್ಲ. ಯುಪಿಐಯ ದೊಡ್ಡ ಕೊರತೆ ಇದೇ ಎಂಬುದು ನನ್ನ ಅಭಿಪ್ರಾಯ. ಅದೇ ಅಂಗಡಿಗೆ, ಅಷ್ಟೇ ಮೊತ್ತ, ಎರಡು ನಿಮಿಷದ ಹಿಂದಿನದು ಇನ್ನೂ ಪೆಂಡಿಂಗ್ ಇದೆ ಎಂಬುದು ಆ್ಯಪಿಗೆ ಗೊತ್ತು. ಗೊತ್ತಿದ್ದೂ ಪಿನ್ ಕೇಳುವ ಮುನ್ನ ತಡೆದು ಹೇಳದಿದ್ದರೆ ಅದು ತಂತ್ರಜ್ಞಾನದ ಮಿತಿಯಲ್ಲ, ಉದಾಸೀನ. ಹತ್ತು ರೂಪಾಯಿ ಚಹಾದಲ್ಲಿ ಇದು ನಗುವ ವಿಷಯ. 13,500 ಎರಡು ಸಲ ಹೋದರೆ ಕೂಲಿಯವರಿಗೆ ಕೊಡಲು ಇಟ್ಟಿದ್ದ ಹಣ ಹೋದಂತೆ.

ಸೌಂಡ್‌ಬಾಕ್ಸ್ ವಿಷಯಕ್ಕೆ ಬರೋಣ. 1984ರಲ್ಲಿ ಸಾಲ್ಟ್‌ಜರ್, ರೀಡ್, ಕ್ಲಾರ್ಕ್ ಕಂಪ್ಯೂಟರ್ ಜಾಲಗಳ ಬಗ್ಗೆ ಪ್ರಕಟಿಸಿದ ಪ್ರಬಂಧವೊಂದು, ನಡುದಾರಿಯ ತಪಾಸಣೆಗಳನ್ನು ನಂಬಿ ಕೂರಬೇಡಿ, ಕೊನೆಯ ಪರೀಕ್ಷೆ ತುದಿಗಳಲ್ಲೇ ಆಗಬೇಕು ಎಂದು ವಾದಿಸುತ್ತದೆ. ಅವರು ಕೊಡುವ ಉದಾಹರಣೆ ರಸವತ್ತಾಗಿದೆ. ಒಂದು ಜಾಲದಲ್ಲಿ ಪ್ರತಿ ಹೆಜ್ಜೆಗೂ ತಪಾಸಣೆ ಇತ್ತು, ಹಾಗಾಗಿ ಎಲ್ಲರೂ ನಿಶ್ಚಿಂತರಾಗಿದ್ದರು. ಆದರೆ ನಡುವಿನ ಒಂದು ಗೇಟ್‌ವೇ ಕಂಪ್ಯೂಟರ್ ತನ್ನೊಳಗೆ ನಕಲು ಮಾಡಿಕೊಳ್ಳುವಾಗ ಸುಮಾರು ಹತ್ತು ಲಕ್ಷ ಬೈಟಿಗೊಮ್ಮೆ ಎರಡು ಬೈಟುಗಳನ್ನು ಅದಲುಬದಲು ಮಾಡುತ್ತಿತ್ತು. ಕಡೆಗೆ ಕೆಟ್ಟ ಕಡತಗಳನ್ನು ಹಳೆಯ ಮುದ್ರಿತ ಪ್ರತಿಗಳ ಜೊತೆ ಕಣ್ಣಿನಲ್ಲೇ ಹೋಲಿಸಿ ತಿದ್ದಬೇಕಾಯಿತು. ಈ ದೃಷ್ಟಿಯಿಂದ ಸೌಂಡ್‌ಬಾಕ್ಸ್ ಜಾಣ ವಸ್ತು. ಕೊಡುವವನ ಮೊಬೈಲಿನ ಹಸಿರು ಟಿಕ್ ನಕಲಿ ಆಗಿರಬಹುದು, ಪಡೆಯುವವನ ತುದಿಯಲ್ಲಿ ಬೇರೆ ದಾರಿಯಿಂದ ಬರುವ ದನಿ ಅದಕ್ಕಿಂತ ನಂಬಿಕೆಗೆ ಅರ್ಹ. ಆದರೆ ಅದೂ ಒಂದು ಸಿಮ್ ನಂಬಿಕೊಂಡಿರುವ ಪೆಟ್ಟಿಗೆ. ಅದು ಕೂಗಿದರೆ ಹಣ ಬಂದಿದೆ. ಕೂಗದಿದ್ದರೆ ಬಂದಿಲ್ಲ ಎಂದೇನೂ ಅರ್ಥವಲ್ಲ. ಅಂಗಡಿಯವರು ಈ ಎರಡನೆಯದನ್ನು ಕಲಿತಿಲ್ಲ, ಮಾರಿದವರು ಕಲಿಸಿಯೂ ಇಲ್ಲ.

ಮತ್ತೆ ಮತ್ತೆ ಕೇಳುವುದೇ ರೋಗವಾಗುವ ಬಗೆ ಇನ್ನೊಂದು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜದ ಅಂತರದಲ್ಲಿ, ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ದಾರಿ 40 ಬಿಟ್‌ಗೆ ಕುಸಿಯಿತು. ಉತ್ತರ ತಡವಾಯಿತೆಂದು ಎಲ್ಲ ಯಂತ್ರಗಳೂ ಸಂದೇಶವನ್ನು ಮತ್ತೆ ಮತ್ತೆ ಕಳಿಸುತ್ತಾ ಹೋದದ್ದೇ ಕಾರಣ. ತಡವಾದಷ್ಟೂ ಹೆಚ್ಚು ಹೊತ್ತು ಕಾದು ಕೇಳಬೇಕು ಎಂಬ ನಿಯಮದ ಮಹತ್ವವನ್ನು ಜಾಲತಜ್ಞ ವ್ಯಾನ್ ಜೇಕಬ್ಸನ್ 1988ರಲ್ಲಿ ಮನಗಾಣಿಸಿದ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂಥ ಜನಜಂಗುಳಿಯಲ್ಲಿ ಮಿಠಾಯಿ ಅಂಗಡಿಯ ಮುಂದೆ ಎಲ್ಲರೂ ‘ರಿಫ್ರೆಶ್’ ಒತ್ತುತ್ತಾ ನಿಂತರೆ ಟವರಿನ ಪಾಡೂ ಇದೇ.

ವಿಚಿತ್ರವೆಂದರೆ ಈ ಪಾಠವನ್ನು ಇಡೀ ದೇಶ 2025ರ ಏಪ್ರಿಲ್ 12ರಂದು ಮತ್ತೆ ಕಲಿಯಬೇಕಾಯಿತು. ಅಂದು ಯುಪಿಐ ತಾಸುಗಟ್ಟಲೆ ಕುಂಟಿತು. ಕೆಲವು ಬ್ಯಾಂಕುಗಳು ‘ಆ ವಹಿವಾಟು ಏನಾಯಿತು?’ ಎಂದು ವಿಚಾರಿಸುವ ಕೋರಿಕೆಗಳನ್ನು ಹಳೆಯ ವಹಿವಾಟುಗಳಿಗೂ ಸೇರಿಸಿ ಮಿತಿಯಿಲ್ಲದೆ ಕಳಿಸಿದ್ದವು ಎಂದು ಎನ್‌ಪಿಸಿಐ ಕಂಡುಕೊಂಡಿತು. ಅಂದರೆ ಜಾಲವನ್ನು ಕೆಡವಿದ್ದು ಹಣದ ಓಡಾಟವಲ್ಲ, ಹಣದ ಬಗೆಗಿನ ವಿಚಾರಣೆ. ಆಮೇಲೆ ಕನಿಷ್ಠ 90 ಸೆಕೆಂಡು ಕಾದು ಕೇಳಬೇಕು, ಮೂರು ಸಲಕ್ಕಿಂತ ಹೆಚ್ಚು ಕೇಳಬಾರದು ಎಂಬ ಕಟ್ಟುಪಾಡು ಬಂತು. ಜೇಕಬ್ಸನ್‌ನ 37 ವರ್ಷ ಹಳೆಯ ಪ್ರಬಂಧದ ತಿಳಿವಳಿಕೆಯನ್ನು ಸುತ್ತೋಲೆ ಹೊರಡಿಸಿ ಹೇಳಬೇಕಾಗಿ ಬಂದದ್ದು ನಮ್ಮ ಬ್ಯಾಂಕುಗಳಿಗೆ ಶೋಭೆಯಲ್ಲ.

ಜಾಲದ ಒತ್ತಡ ಇಳಿಸುವ ದೃಷ್ಟಿಯಿಂದ, ಸಣ್ಣ ಮೊತ್ತಕ್ಕೆ ಮೊದಲೇ ಹಣ ತುಂಬಿಟ್ಟುಕೊಳ್ಳುವ ಯುಪಿಐ ಲೈಟ್ ತಂದದ್ದು ಒಳ್ಳೆಯ ಕೆಲಸ. ಪಾವತಿಯ ಹೊತ್ತಿನಲ್ಲಿ ಕೊಡುವವನ ಬ್ಯಾಂಕನ್ನು ಎಬ್ಬಿಸಬೇಕಿಲ್ಲ, ನಡುವಿನ ಒಂದು ಕೊಂಡಿಯೇ ಕಡಿಮೆಯಾಗುತ್ತದೆ.

ಅನುಮಾನದ ಹೊರೆ ಯಾರದು ಎಂಬ ಪ್ರಶ್ನೆಗೆ ಎಲ್ಲಕ್ಕಿಂತ ನೇರವಾದ ಉತ್ತರ ಕೊಟ್ಟದ್ದು ಎಂಜಿನಿಯರುಗಳಲ್ಲ, ರಿಸರ್ವ್ ಬ್ಯಾಂಕು. 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಕಡಿತವಾಗಿ ಜಮೆಯಾಗದಿದ್ದರೆ ಮರುದಿನದೊಳಗೆ, ವ್ಯಾಪಾರಿಗೆ ಕೊಟ್ಟದ್ದು ಖಚಿತವಾಗದಿದ್ದರೆ ಐದು ದಿನದೊಳಗೆ ತಾನಾಗಿ ಹಿಂದಿರುಗಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ನಿಯಮ ನ್ಯಾಯವಾದದ್ದೇ. ಆದರೆ ನಾಟಿಗೆ ಐದು ದಿನ ಕಾಯುವ ತಾಳ್ಮೆಯಿಲ್ಲ, ಕಾಲುವೆಯಲ್ಲಿ ನೀರಿರುವಾಗ ಗೊಬ್ಬರ ಬೀಳಬೇಕು. ದೊಡ್ಡ ಮೊತ್ತಕ್ಕೆ ಗಡುವು ಇಳಿಯಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಅಲ್ಲಿಯವರೆಗೆ ಆ್ಯಪಿನವರು ‘ಪೆಂಡಿಂಗ್’ ಎಂಬ ಒಂದೇ ಪದದ ಬದಲು ‘ಮತ್ತೆ ಹಾಕಬೇಡಿ, ಇಂಥ ದಿನದೊಳಗೆ ಹಣ ಅಲ್ಲಿರುತ್ತದೆ ಇಲ್ಲವೇ ವಾಪಸು ಬಂದಿರುತ್ತದೆ’ ಎಂದು ಕನ್ನಡದಲ್ಲಿ ಬರೆಯಲಿ. ಗಿರಾಕಿಗಳೇ, ಚಕ್ರ ತಿರುಗುತ್ತಿರುವಾಗ ಎರಡನೇ ಸಲ ಪಿನ್ ಒತ್ತಬೇಡಿ, ವಹಿವಾಟಿನ ಗುರುತಾದ ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆಯನ್ನು ಇಬ್ಬರೂ ಬರೆದಿಟ್ಟುಕೊಳ್ಳಿ. ನೂರು ರೂಪಾಯಿ ಪರಿಹಾರಕ್ಕೆ ಅರ್ಜಿ ಹಾಕಬೇಕಿಲ್ಲ. ದೂರಿಗಾಗಿ ಕಾಯದೆ ಬ್ಯಾಂಕೇ ಅದನ್ನು ಖಾತೆಗೆ ಹಾಕಬೇಕೆಂದು ಅದೇ ಸುತ್ತೋಲೆಯಲ್ಲಿ ಬರೆದಿದೆ.