ಕೋಟೆಯ ಕೆಳಗೆ ಬಿಟ್ಟುಹೋದ ಗಾಡಿಗಳು

ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ಕೋಟೆ ಮುಂದೆ ಬೆಂಗಳೂರಿನಿಂದ ಬಂದ ಬೈಕುಗಳು ಸಾಲಾಗಿ ನಿಲ್ಲುತ್ತವೆ. ಹನ್ನೆರಡೋ ಹದಿನೈದೋ ಗಾಡಿ, ಎಲ್ಲವೂ ಎಡಕ್ಕೆ ವಾಲಿಕೊಂಡು, ಮುಂದಿನ ಚಕ್ರಗಳು ಒಂದೇ ಗೆರೆಯಲ್ಲಿ. ಫೋಟೊ ಆಗುತ್ತದೆ. ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ, ಬ್ಯಾಗನ್ನು ರಬ್ಬರ್ ಹಗ್ಗದ ಭರವಸೆಯಲ್ಲಿ ಸೀಟಿನ ಮೇಲೆಯೇ ಬಿಟ್ಟು, ಎಲ್ಲರೂ ಒಟ್ಟಿಗೆ ಏಳು ಸುತ್ತಿನ ಕೋಟೆ ಹತ್ತಲು ಹೊರಡುತ್ತಾರೆ. ಇನ್ನೂರು ಕಿಲೋಮೀಟರ್ ಹೆದ್ದಾರಿಯಲ್ಲಿ ಮುಂದೆ ಯಾರು, ಕೊನೆಗೆ ಯಾರು ಎಂದು ಹಂಚಿಕೊಂಡು ಶಿಸ್ತಾಗಿ ಬಂದವರು, ಎಂಜಿನ್ ಆರಿಸಿದ ಕ್ಷಣದಿಂದ ತಂಡವಾಗಿ ಉಳಿಯುವುದಿಲ್ಲ. ನಮ್ಮ ಬೈಕ್ ಪ್ರವಾಸಗಳ ಬಗ್ಗೆ ನನ್ನ ದೊಡ್ಡ ತಕರಾರು ಇದು.

ಮೊದಲು ಆ ಸಾಲನ್ನೇ ನೋಡೋಣ. ಕ್ಲಾಸಿಕ್ 350 ಗಾಡಿಯ ತೂಕ 195 ಕೆ.ಜಿ. ಅಂಥವನ್ನು ಹ್ಯಾಂಡಲ್‌ಗೆ ಹ್ಯಾಂಡಲ್ ತಾಗುವಂತೆ ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಒಂದು ಬಿದ್ದಾಗ ಪಕ್ಕದ್ದೂ ಉಳಿಯುವುದಿಲ್ಲ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಇಲ್ಲಿನ ಗಾಳಿಯನ್ನು ನಂಬಿ. ಎಡದಿಂದ ಬೀಸಿದ ಗಾಳಿ ವಾಲಿದ ಗಾಡಿಯನ್ನು ಎತ್ತಿ ಬಲಕ್ಕೆ ಕೆಡವಬಲ್ಲದು. ಮೇಲೆ ಕವರ್ ಹೊದಿಸಿದ್ದರೆ ಅದು ಹಾಯಿಪಟವಾಗುತ್ತದೆ. ಎರಡು ಗಾಡಿಗಳ ನಡುವೆ ಬ್ಯಾಗ್ ಹೊತ್ತ ಮನುಷ್ಯ ಆರಾಮಾಗಿ ಹಾಯುವಷ್ಟು ಜಾಗ ಬಿಟ್ಟರೆ ಫೋಟೊ ಸ್ವಲ್ಪ ಸಡಿಲವಾದೀತು, ಅಷ್ಟೇ. ಇಳಿಜಾರಿನಲ್ಲಿ ಮುಖ ಏರಿನ ಕಡೆಗೆ ಇರಬೇಕು, ಮೊದಲ ಗೇರಿನಲ್ಲಿ ಬಿಡಬೇಕು. ಮುಖ ಕೆಳಕ್ಕಿದ್ದರೆ ಗಾಡಿ ಒಂದಿಷ್ಟು ಜರುಗಿದರೂ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ.

ನೆಲವನ್ನಂತೂ ಯಾರೂ ನೋಡುವುದೇ ಇಲ್ಲ. 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ಸೇರಿದರು. ಅಂಥ ದಿನ, ಮಳೆ ಕುಡಿದ ಎರೆ ಮಣ್ಣಿನ ಮೇಲೆ, ಸ್ಟ್ಯಾಂಡಿನ ಎರಡು ಬೆರಳಗಲದ ತುದಿ ಎಷ್ಟು ಹೊತ್ತು ತಡೆದೀತು? ಹೊಸದುರ್ಗದ ಕಡೆ ತೋಟವೊಂದರ ಬದಿಯಲ್ಲಿ ರಾತ್ರಿ ಮಳೆಗೆ ಸ್ಟ್ಯಾಂಡ್ ಹೂತು, ನಮ್ಮ ತಂಡದ ಮೂರು ಗಾಡಿಗಳು ಒಂದರ ಮೇಲೊಂದು ಒರಗಿದ್ದವು. ಒಂದರ ಕ್ಲಚ್ ಲಿವರ್ ಮುರಿದಿತ್ತು. ಅಂದಿನಿಂದ ನನ್ನ ಬ್ಯಾಗಿನಲ್ಲಿ ಅಂಗೈಯಗಲದ ಹಲಗೆ ತುಂಡು ಇರುತ್ತದೆ. ಮರೆತುಬಂದರೆ ಚಪ್ಪಟೆ ಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ.

ಇನ್ನು ಬೀಗ. ಹ್ಯಾಂಡಲ್ ಲಾಕ್ ಒಂದನ್ನೇ ನಂಬುವುದು ತಪ್ಪು. ಬಲವಾಗಿ ಒದ್ದರೆ ಮುರಿಯುವ ಬೀಗ ಅದು. ಡಿಸ್ಕ್ ಲಾಕ್ ಒಳ್ಳೆಯದು, ಆದರೆ ಬೆಳಗಿನ ಅವಸರದಲ್ಲಿ ಮರೆತು ಗಾಡಿ ಮುಂದೆ ನೂಕಿದವನು ಬೀಳುತ್ತಾನೆ. ಅದಕ್ಕೊಂದು ಬಣ್ಣದ ದಾರ ಕಟ್ಟಿ ಹ್ಯಾಂಡಲ್‌ಗೆ ಸುತ್ತಿಡಬೇಕು. ತಂಡಕ್ಕೆ ತಕ್ಕದ್ದು ಸರಪಳಿ. ಎರಡೆರಡು ಗಾಡಿಗಳನ್ನು, ಒಂದರ ಚಕ್ರ ಇನ್ನೊಂದರ ಫ್ರೇಮು ಸೇರುವಂತೆ, ಬಿಗಿದರೆ ಕಳ್ಳ ಎತ್ತಬೇಕಾದ ತೂಕ ನಾಲ್ಕುನೂರು ಕೆ.ಜಿ. ಹತ್ತಿರ ಹೋಗುತ್ತದೆ. ಸರಪಳಿ ನೆಲಕ್ಕೆ ತಾಗಬಾರದು. ತಾಗಿದರೆ ನೆಲವೇ ಅಡಿಗಲ್ಲಾಗಿ ಸುತ್ತಿಗೆ ಏಟು ಪೂರ್ತಿ ಬೀಳುತ್ತದೆ. ಹನ್ನೆರಡನ್ನೂ ಒಂದೇ ಸರಪಳಿಗೆ ಪೋಣಿಸಿ, ಕೀಲಿಯನ್ನು ಒಬ್ಬನೇ ಜೇಬಿನಲ್ಲಿಟ್ಟು ಮಲಗುವುದನ್ನೂ ಕಂಡಿದ್ದೇನೆ. ರಾತ್ರಿ ಬೆಂಕಿ ಹತ್ತಿದರೆ, ಯಾರನ್ನಾದರೂ ಆಸ್ಪತ್ರೆಗೆ ಒಯ್ಯಬೇಕಾದರೆ ಏನು ಗತಿ? ಇಬ್ಬರಿಗೊಂದು ಬೀಗ, ಇಬ್ಬರ ಬಳಿಯೂ ಕೀಲಿ: ಇದು ನನಗೆ ಒಪ್ಪಿತವಾದ ಲೆಕ್ಕ. ಗಾಡಿಯ ಎರಡನೆಯ ಕೀ ಮಾತ್ರ ಮನೆಯಲ್ಲಿ ಭದ್ರವಾಗಿರಲಿ. ಕಳುವಾದರೆ ವಿಮೆಯವರು ಎರಡೂ ಕೀ ಕೇಳುತ್ತಾರೆ.

ಆದರೆ ಬೀಗಗಳ ಮಾತು ಎಷ್ಟು ಆಡಿದರೂ ನನ್ನ ಮನಸ್ಸು ಎತ್ತಿನ ಗಾಡಿಗೇ ಹೋಗುತ್ತದೆ. ನಾವು ಬೈಕನ್ನೂ ಗಾಡಿ ಎಂದೇ ಕರೆಯುತ್ತೇವಲ್ಲ. ನಾಯಕನಹಟ್ಟಿ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವರು ನೊಗ ಇಳಿಸಿ, ಎತ್ತು ಕಟ್ಟಿ, ಹುಲ್ಲು ಹಾಕಿದ ಮೇಲೆಯೇ ತೇರಿನ ಕಡೆ ಹೊರಡುತ್ತಿದ್ದರು. ಆಗಲೂ ಒಬ್ಬರು ಗಾಡಿ ಹತ್ತಿರ ಉಳಿಯಬೇಕು, ರಾತ್ರಿ ಗಾಡಿ ಕೆಳಗೆ ಒಬ್ಬರು ಮಲಗಬೇಕು. ಕೋಟೆಯೊಳಗಿನ ಓಬವ್ವನ ಕಥೆಯೂ ಕಾವಲಿನ ಸರದಿಯದ್ದೇ: ಕಾವಲುಗಾರನಾಗಿದ್ದ ಗಂಡ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ ಅವಳು ಕಿಂಡಿಯ ಹತ್ತಿರ ನಿಂತಳು. ಕಾಯುವವರಿಲ್ಲದ ಬೀಗ ಕಳ್ಳನಿಗೆ ಒಂದಿಷ್ಟು ಹೊತ್ತು ಹಿಡಿಸುತ್ತದೆ. ಬ್ಯಾಗಿಗೆ, ಹೆಲ್ಮೆಟ್ಟಿಗೆ, ಪೈಪಿನಿಂದ ಎಳೆಯುವ ಪೆಟ್ರೋಲಿಗೆ ಆ ತಡೆಯೂ ಇಲ್ಲ.

ಕಾವಲಿಗೆ ಇನ್ನೊಂದು ಉಪಯೋಗವಿದೆ. ಹೊಳಲ್ಕೆರೆ ದಾಟಿ ಚಿಕ್ಕಜಾಜೂರು, ಬಿ.ದುರ್ಗದ ಕಡೆ ಹೋದರೆ ಸುಗ್ಗಿಯಲ್ಲಿ ಸಮತಟ್ಟಾದ ಜಾಗದಲ್ಲೆಲ್ಲ ಮೆಕ್ಕೆಜೋಳ ಹರಡಿರುತ್ತಾರೆ. ಖಾಲಿ ಕಂಡ ಅಂಗಳ ಯಾರದೋ ಒಕ್ಕಣೆಗೆ ಬೇಕಾದದ್ದು. ಅಲ್ಲಿ ಹನ್ನೆರಡು ಬೈಕು ಬೀಗ ಹಾಕಿ ಎಲ್ಲರೂ ಮಾಯವಾದರೆ, ಟ್ರ್ಯಾಕ್ಟರ್ ತಂದ ರೈತ ಯಾರನ್ನು ಕೇಳಬೇಕು? ಒಬ್ಬರು ಅಲ್ಲೇ ಕೂತಿದ್ದರೆ ಗಾಡಿ ಸರಿಸಬಹುದು, ಕ್ಷಮೆ ಕೇಳಬಹುದು. ನಿಲ್ಲಿಸುವ ಮೊದಲೇ ಕೇಳಿದರಂತೂ ಬೇವಿನ ನೆರಳನ್ನು ಅವರೇ ತೋರಿಸುತ್ತಾರೆ. ಆಮೇಲೆ ಆ ಗಾಡಿಗಳ ಮೇಲೆ ಊರಿನ ಕಣ್ಣೂ ಇರುತ್ತದೆ.

ಅರ್ಧ ತಂಡ ಕೋಟೆ ಹತ್ತಲಿ, ಉಳಿದರ್ಧ ಗಾಡಿ ಕಾಯಲಿ, ಆಮೇಲೆ ಸರದಿ ಬದಲಾಗಲಿ ಎಂದರೆ, ಸಮಯ ಸಾಲದು ಎನ್ನುತ್ತಾರೆ ಪ್ರವಾಸ ಏರ್ಪಡಿಸುವವರು. ಕೋಟೆಗೆ ಎರಡೂವರೆ ಗಂಟೆ ಎಂದುಕೊಂಡರೂ ಎರಡು ಸರದಿಗೆ ಐದು ಗಂಟೆ ನಿಜ. ಹಾಗಿದ್ದರೆ ಚಂದ್ರವಳ್ಳಿ, ವಾಣಿವಿಲಾಸ ಸಾಗರ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದ ಆ ಪಟ್ಟಿಯಿಂದ ಒಂದು ಜಾಗ ಕಡಿಮೆ ಮಾಡಿ. ಕೆಳಗೆ ಉಳಿದವರು ಚೈನಿಗೆ ಎಣ್ಣೆ ಬಿಡಲಿ, ಟೈರಿನ ಗಾಳಿ ನೋಡಲಿ, ಸಡಿಲವಾದ ನಟ್ಟು ಬಿಗಿಯಲಿ. ಅಷ್ಟರಲ್ಲಿ ಮೊದಲ ಸರದಿಯವರು ಇಳಿದು ಬಂದು, ನೆರಳಿನಲ್ಲಿ ಅವರ ಜಾಗಕ್ಕೆ ಕೂರುತ್ತಾರೆ.